ರಾಕ್ಷಸನ ಎಡಗಣ್ಣು

ಮೊನ್ನೆ ಹೆಬ್ಬಾಳದ ನಮ್ಮ ಫ್ಯಾಕ್ಟರಿಯ ಶಿಫ್ಟ್ ಬಸ್ಸಿನಲ್ಲಿ ಮೂಗು ಒರೆಸಿಕೊಳ್ಳಲೆಂದು ಜೇಬಿನಿಂದ ಕರ್ಚೀಫು ಎಳೆದೆ. ಅದರ ಜೊತೆಗೆ ಒಂದು ದಾಳವೂ ಈಚೆಗೆ ಬಂದು, ಬಸ್ಸಿನ ನೆಲದ ಮೇಲೆ ಟಕಟಕ ಕುಣಿಯುತ್ತ ಡ್ರೈವರನ ಕಡೆಗೆ ಹೊರಟುಬಿಟ್ಟಿತು. ಮುಂದಿನ ಸೀಟಿನಲ್ಲಿದ್ದ ಪೆಯಿಂಟ್ ವಿಭಾಗದ ಒಬ್ಬರು ಅದನ್ನು ಹಿಡಿದು, ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದರು.

“ಏನ್ ಸಾರ್ ಇದು, ದಾಳಕ್ಕೆ ಆರು ಮುಖ ಅಲ್ವ್ರಾ? ಇದಕ್ಕೆ ಮೈಯೆಲ್ಲಾ ಮುಖ.”

ಇಪ್ಪತ್ತು ಮುಖ ಎಂದು ತಿದ್ದಿದೆ. ಭಾನುವಾರದ ಮಧ್ಯಾಹ್ನ ನಾವು ನಾಲ್ಕು ಜನ ನಮ್ಮ ಮನೆಯಲ್ಲಿ ಕೂತು ಇದನ್ನು ಉರುಳಿಸಿ ರಾಕ್ಷಸರನ್ನು ಹೊಡೆಯುತ್ತೇವೆ ಎಂದೂ ಹೇಳಿದೆ. ಅವರು ದಾಳವನ್ನು ಬಹಳ ಮರ್ಯಾದೆಯಿಂದ ನನ್ನ ಅಂಗೈಗೆ ಇಟ್ಟು, ನನ್ನ ನರೆತ ತಲೆಯನ್ನು ಒಮ್ಮೆ ನೋಡಿ, “ಮನೇಲೆಲ್ಲಾ ಚೆನ್ನಾಗವ್ರಾ ಸಾರ್?” ಅಂದರು. ಚೆನ್ನಾಗಿದ್ದಾರೆ ಅಂದೆ. ಇಳಿಯುವ ತನಕ ಅವರು ಮತ್ತೆ ಈ ಕಡೆ ತಿರುಗಲಿಲ್ಲ.

ಅವರದೇನೂ ತಪ್ಪಿಲ್ಲ. ಈ ಆಟವನ್ನು ಯಾರಿಗಾದರೂ ವಿವರಿಸಲು ಹೊರಟಾಗಲೆಲ್ಲ ನನಗೇ ನನ್ನ ಬುದ್ಧಿಯ ಬಗ್ಗೆ ಅನುಮಾನ ಬರುತ್ತದೆ. ನಿಮಗೂ ಒಂದಿಷ್ಟು ಹೇಳಲೇಬೇಕು, ಸಹಿಸಿಕೊಳ್ಳಿ. ಇದು ಬಾಯಲ್ಲಿ ಆಡುವ ಆಟ. ಒಬ್ಬ ಯಜಮಾನ ಇರುತ್ತಾನೆ. ಅವನು “ನಿಮ್ಮೆದುರು ಒಂದು ಸೇತುವೆ ಇದೆ, ಸೇತುವೆಯ ಮೇಲೆ ರಾಕ್ಷಸ ಕೂತಿದ್ದಾನೆ” ಎಂದು ಕತೆ ಹೇಳುತ್ತಾನೆ. ಉಳಿದವರಿಗೆ ಒಂದೊಂದು ಪಾತ್ರ. ಒಬ್ಬ ಕೊಡಲಿಯವನು, ಒಬ್ಬಳು ಬಿಲ್ಲುಗಾರ್ತಿ, ಹೀಗೆ. ಅವರು ತಾವೇನು ಮಾಡುತ್ತೇವೆ ಎಂದು ಹೇಳುತ್ತಾರೆ, ಆಗುತ್ತದೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ದೊಡ್ಡ ಸಂಖ್ಯೆ ಬಿದ್ದರೆ ಏಟು ತಗುಲಿತು, ಚಿಕ್ಕದು ಬಿದ್ದರೆ ಗಾಳಿಗೆ ಹೋಯಿತು. ರಾಕ್ಷಸನ ಪರವಾಗಿ ಯಜಮಾನನೇ ದಾಳ ಹಾಕುತ್ತಾನೆ. ನಮ್ಮ ಮನೆಯ ಆಟದಲ್ಲಿ ಆ ಯಜಮಾನ ನಾನು.

ಯೋಗ್ಯತೆಯಿಂದ ಆದದ್ದಲ್ಲ. ಫ್ಯಾಕ್ಟರಿಗೆ ಬಂದಿದ್ದ ಒಬ್ಬ ಟ್ರೈನಿ ಎಂಜಿನಿಯರ್ ಊಟದ ವಿರಾಮದಲ್ಲಿ ನನಗೂ ನನ್ನ ಸಹೋದ್ಯೋಗಿ ಮಾದೇವನಿಗೂ ಇದರ ರುಚಿ ಹತ್ತಿಸಿದ. ಮೈಗೆ ಹತ್ತಿದ ಮೇಲೆ ಅವನಿಗೆ ಪುಣೆಗೆ ವರ್ಗವಾಯಿತು. ಹೋಗುವಾಗ ದಾಳದ ಚೀಲವನ್ನೂ ನಿಯಮದ ದಪ್ಪ ಪುಸ್ತಕವನ್ನೂ ನನ್ನ ಕೈಗೆ ಕೊಟ್ಟು, “ಸರ್, ನಿಮ್ಮನೇಲಿ ಡೈನಿಂಗ್ ಟೇಬಲ್ ದೊಡ್ಡದಿದೆ” ಅಂದ. ಅಷ್ಟೇ ನನ್ನ ಅರ್ಹತೆ. ಸಿದ್ಧಾರ್ಥನಗರದ ನಮ್ಮ ಪುಟ್ಟ ಮನೆಗೆ ಆ ಮೇಜನ್ನು ತಂದದ್ದೇ ಒಂದು ಮೂರ್ಖತನ, ಬಾಗಿಲು ಕಿತ್ತು ಒಳಗೆ ತೂರಿಸಿದ್ದೆವು. ಆ ಮೇಜಿಗೆ ಹೊಗಳಿಕೆ ಬಂದದ್ದು ಅದೊಂದೇ ಸಲ ಎಂಬ ಸಂತೋಷಕ್ಕೆ ಒಪ್ಪಿಕೊಂಡುಬಿಟ್ಟೆ.

ಆಡುವವರು ಮೂವರು. ಮಾದೇವ ನಂಜನಗೂಡಿನ ಕಡೆಯ ಬೇಸಾಯಗಾರರ ಮನೆಯವನು, ಈಗ ಲೇತ್ ಮೆಷಿನ್ ಮೇಲೆ ಕೆಲಸ. ಆಟದಲ್ಲಿ ಕೊಡಲಿ ಹಿಡಿದ ಕೆಂಚ. ನನ್ನ ಹೆಂಡತಿ ಗಿರಿಜೆಯದು ಗಾಯಕ್ಕೆ ಮದ್ದು ಹಾಕುವ ವೈದ್ಯೆಯ ಪಾತ್ರ. ಪಾತ್ರಕ್ಕೆ ಹೆಸರಿಡು ಅಂದರೆ, “ಇರೋ ಹೆಸರನ್ನೇ ಯಾರೂ ಸರಿಯಾಗಿ ಕರೆಯಲ್ಲ, ಇನ್ನೊಂದ್ ಯಾಕೆ” ಎಂದು ಗಿರಿಜೆಯಾಗಿಯೇ ಉಳಿದಳು. ಮೂರನೆಯವಳು ನನ್ನ ಅಕ್ಕ ವಿಮಲ. ಅಶೋಕಪುರಂನಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ. ಹೈಸ್ಕೂಲಿನಲ್ಲಿ ಪಿ.ಟಿ. ಟೀಚರಾಗಿದ್ದು ನಿವೃತ್ತಳಾದವಳು. ಸೀಟಿ ಇಲ್ಲದೆಯೂ ಅವಳ ದನಿ ಮೈದಾನದ ಆಚೆ ತುದಿಗೆ ಮುಟ್ಟುತ್ತದೆ. ಅವಳ ಪಾತ್ರ ಬಿಲ್ಲುಗಾರ್ತಿ ಸಿಂಗಾರಿ.

ಇಂಥ ಆಟಕ್ಕೆ ಪುಟ್ಟ ಪುಟ್ಟ ಯೋಧರ ಬೊಂಬೆಗಳು ಬೇಕಂತೆ, ಹೊರದೇಶದಿಂದ ತರಿಸಬೇಕಂತೆ. ನಮ್ಮ ಮನೆಯಲ್ಲಿ ಅದಕ್ಕೇನು ಕೊರತೆ. ಗಿರಿಜೆಯ ತವರಿನಿಂದ ಬಂದ ದಸರೆ ಗೊಂಬೆಗಳು ವರ್ಷವೆಲ್ಲ ಅಟ್ಟದ ಮೇಲೆ ಹಳೆ ಪಂಚೆಯಲ್ಲಿ ಸುತ್ತಿಸಿಕೊಂಡು ಮಲಗಿರುತ್ತವೆ. ರಾಜ ರಾಣಿಯ ಪಟ್ಟದ ಗೊಂಬೆಗಳನ್ನು ಮುಟ್ಟಕೂಡದು ಎಂಬ ಷರತ್ತಿನ ಮೇಲೆ ಉಳಿದವನ್ನು ಇಳಿಸಿಕೊಟ್ಟಳು. ಹಾಗಾಗಿ ಮಾದೇವನ ಕೆಂಚ ಒಬ್ಬ ಬ್ಯಾಂಡಿನ ಸಿಪಾಯಿ, ಸಿಂಗಾರಿ ಹೂ ಮಾರುವವಳು. ರಾಕ್ಷಸ ಯಾರು ಎಂಬುದಕ್ಕೆ ಚರ್ಚೆಯೇ ಆಗಲಿಲ್ಲ. ಅಕ್ಕಿ ಬೇಳೆ ಹರಡಿಕೊಂಡು ಕೂತ ಡೊಳ್ಳುಹೊಟ್ಟೆಯ ಅಂಗಡಿ ಶೆಟ್ಟಿಯನ್ನು ಎಲ್ಲರೂ ಒಟ್ಟಿಗೆ ತೋರಿಸಿದರು.

ತಕರಾರು ಶುರುವಾದದ್ದು ಮೊದಲನೆಯ ಭಾನುವಾರವೇ. ಅಕ್ಕ ಬಾಣ ಬಿಟ್ಟಳು, ದಾಳ ಚೆನ್ನಾಗಿ ಬಿತ್ತು. ನಾನು ಪುಸ್ತಕ ನೋಡಿ, “ತಗುಲಿತು, ರಾಕ್ಷಸನ ಪ್ರಾಣದಲ್ಲಿ ಆರು ಕಡಿಮೆ” ಅಂದೆ.

“ಎಲ್ಲಿಗೆ ತಗುಲಿತು?”

“ರಾಕ್ಷಸನಿಗೆ.”

“ರಾಕ್ಷಸನಿಗೆ ಎಲ್ಲಿಗೆ?”

“ರಾಕ್ಷಸನಿಗೇ.”

“ನಾನು ಎಡಗಣ್ಣಿಗೆ ಗುರಿಯಿಟ್ಟಿದ್ದು ಕಣೋ.”

ನಾನು ಪುಸ್ತಕ ತಿರುವಿದೆ. ಆ ಪುಸ್ತಕದಲ್ಲಿ ರಾಕ್ಷಸನಿಗೆ ಕಣ್ಣಿಲ್ಲ. ಕಣ್ಣೂ ಇಲ್ಲ, ಮೊಣಕಾಲೂ ಇಲ್ಲ, ಕೈಬೆರಳೂ ಇಲ್ಲ. ಇರುವುದು ಪ್ರಾಣ ಎಂಬ ಒಂದು ಸಂಖ್ಯೆ. ನಲವತ್ತು ಅಂತಿಟ್ಟುಕೊಳ್ಳಿ. ಹೊಡೆದ ಹಾಗೆಲ್ಲ ಅದು ಇಳಿಯುತ್ತದೆ, ಸೊನ್ನೆಯಾದಾಗ ರಾಕ್ಷಸ ಬೀಳುತ್ತಾನೆ. ಅಲ್ಲಿಯ ತನಕ ಅವನಿಗೆ ಏನೂ ಆಗಿರುವುದಿಲ್ಲ. ನಲವತ್ತರಲ್ಲಿ ಒಂದೇ ಒಂದು ಉಳಿದಿದ್ದರೂ ಧಾರೆಗೆ ಕೂತ ಮದುಮಗನ ಹಾಗೆ ಲಕ್ಷಣವಾಗಿ ನಿಂತಿರುತ್ತಾನೆ. ಏಟು ಬಿದ್ದದ್ದು ಮೈಗೆ, ಆದರೆ ಮೈಯಲ್ಲಿ ಎಲ್ಲಿಗೂ ಅಲ್ಲ.

ಇದು ನನಗೆ ಅರ್ಥವಾಗಲಿಲ್ಲ, ಈಗಲೂ ಪೂರ್ತಿ ಆಗಿಲ್ಲ. ಫ್ಯಾಕ್ಟರಿಯಲ್ಲಿ ನನ್ನದು ತಪಾಸಣೆಯ ಕೆಲಸ. ತಯಾರಾದ ಬಿಡಿಭಾಗವನ್ನು ನೋಡಿ ಸರಿಯಿದೆ ಅಥವಾ ಇಲ್ಲ ಅನ್ನಬೇಕು. ಸುಮ್ಮನೆ “ಇದು ಚೆನ್ನಾಗಿಲ್ಲ” ಅಂದರೆ ಯಾರೂ ಒಪ್ಪುವುದಿಲ್ಲ. ಎಲ್ಲಿ ಚೆನ್ನಾಗಿಲ್ಲವೋ ಅಲ್ಲಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ತೋರಿಸಬೇಕು. ಅರ್ಧ ಆಯುಷ್ಯವನ್ನು ಸುತ್ತು ಹಾಕಿಯೇ ಕಳೆದವನಿಗೆ, ಒಬ್ಬ ರಾಕ್ಷಸ ಎಲ್ಲಿಯೂ ಅಲ್ಲದ ಕಡೆ ಕೆಡುತ್ತ ಕೆಡುತ್ತ ಕೊನೆಗೆ ಒಮ್ಮೆಲೇ ರಿಜೆಕ್ಟ್ ಆಗುತ್ತಾನೆ ಎಂದರೆ ಹೇಗೆ ನಂಬುವುದು?

ನಮ್ಮ ಕಡೆಯ ಬೈಗುಳವನ್ನೇ ತೆಗೆದುಕೊಳ್ಳಿ. ಈ ವಿಷಯದಲ್ಲಿ ನಮ್ಮ ಹಿರಿಯರು ಬಹಳ ಖಚಿತವಾಗಿದ್ದರು. ‘ಮನೆ ಹಾಳಾಗ’ ಎಂಬುದು ಸಗಟು ಶಾಪ, ಅದನ್ನು ಹಾಲು ಕುದಿದು ಉಕ್ಕಿದರೂ ಅನ್ನುತ್ತಿದ್ದರು. ನಿಜವಾಗಿ ಸಿಟ್ಟು ಬಂದಾಗ ಜಾಗ ಹೇಳಿ ಬೈಯುತ್ತಿದ್ದರು. ಸುಳ್ಳು ಹೇಳಿದವನಿಗೆ ‘ನಾಲಿಗೆ ಬಿದ್ದೋಗ’, ದೃಷ್ಟಿ ಹಾಕಿದವಳಿಗೆ ‘ಕಣ್ಣು ಇಂಗೋಗ’, ಹೊಡೆದವನಿಗೆ ಕದ್ದವನಿಗೆ ‘ಕೈ ಸೇದೋಗ’. ಕೈ ಸೇದಿ ಹೋಗುವುದೆಂದರೆ ಬತ್ತಿ, ಶಕ್ತಿಯಡಗಿ ಜೋತುಬೀಳುವುದು. ಯಾವ ಅಂಗ ತಪ್ಪು ಮಾಡಿತೋ ಆ ಅಂಗಕ್ಕೆ ಶಾಪ, ಉಳಿದ ಮೈ ಹಾಯಾಗಿರಲಿ. ಮಾದೇವ ಈ ವಿದ್ಯೆಯಲ್ಲಿ ನಿಪುಣ. ರಾಕ್ಷಸನ ಪರವಾಗಿ ನನಗೆ ಒಳ್ಳೆಯ ದಾಳ ಬಿದ್ದಾಗಲೆಲ್ಲ, “ಥೂ ನಿನ್ ಕೈ ಸೇದೋಗ” ಎಂದು ಶೆಟ್ಟಿ ಗೊಂಬೆಯನ್ನು ನೋಡಿಕೊಂಡು ಬೈಯುತ್ತಿದ್ದ. ಅದು ಶೆಟ್ಟಿಗೋ ನನಗೋ ಎಂದು ನಾನು ಕೇಳಲಿಲ್ಲ.

ದಸರೆಯಲ್ಲಿ ಅರಮನೆಯಂಗಳದಲ್ಲಿ ಜಟ್ಟಿಗಳು ಆಡುವ ವಜ್ರಮುಷ್ಟಿಯೂ ಹಾಗೆಯೇ. ಬೋಳಿಸಿದ ತಲೆಯಿಂದ ಮೊದಲ ಹನಿ ರಕ್ತ ಕಂಡರೆ ಕಾಳಗ ಮುಗಿಯಿತು. ಯಾರ ಪ್ರಾಣ ಎಷ್ಟು ಉಳಿದಿದೆ ಎಂದು ಅಲ್ಲಿ ಯಾರೂ ಕೂಡಿ ಕಳೆಯುವುದಿಲ್ಲ. ಇದನ್ನೆಲ್ಲ ಒಂದು ಭಾನುವಾರ ನಾನು ಉದ್ದಕ್ಕೆ ಹೇಳಿದೆ. ಗಿರಿಜೆ, “ಹಂಗಾದ್ರೆ ಶೆಟ್ಟಿ ತಲೆ ಬೋಳಿಸ್ಬೇಕಾ?” ಎಂದು ಕೇಳಿದ್ದರಿಂದ ಚರ್ಚೆ ಅಲ್ಲಿಗೇ ನಿಂತಿತು.

ಅಕ್ಕ ಮಾತ್ರ ಬಿಡಲಿಲ್ಲ. ಬಿಡುವವಳೂ ಅಲ್ಲ, ಅವಳ ಗೋಲಿಯಾಟ ನೋಡಿದವರಿಗೆ ಅದು ಗೊತ್ತು. ನಾವು ಚಿಕ್ಕವರಿದ್ದಾಗ ನಮ್ಮ ಬೀದಿಯಲ್ಲಿ ಗೋಲಿಯಾಟಕ್ಕೆ ಒಂದು ಕಟ್ಟಳೆಯಿತ್ತು. ಹೊಡೆಯುವ ಮೊದಲು ಯಾರ ಗೋಲಿ, ಯಾವ ಗೋಲಿ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಬೇಕು. ಹೇಳದೆ ಹೊಡೆದರೆ, ಅದೃಷ್ಟದಿಂದ ನಾಲ್ಕು ಗೋಲಿ ಚೆದುರಿದರೂ ಲೆಕ್ಕವಿಲ್ಲ. ಬೇರೆ ಬೀದಿಯ ಹುಡುಗರು ಬಂದಾಗ ಇದೇ ವಿಷಯಕ್ಕೆ ಜಗಳವಾಗುತ್ತಿತ್ತು, ಅವರಲ್ಲಿ ಈ ಕಟ್ಟಳೆ ಇರಲಿಲ್ಲ. ಅವರು ಗುಂಪಿಗೆ ಹೊಡೆಯುತ್ತಿದ್ದರು, ಯಾವುದು ಸಿಕ್ಕಿದರೆ ಅದು. ಅಕ್ಕ ಅಂಥವರನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಲಂಗವನ್ನು ಮೊಣಕಾಲಿನ ನಡುವೆ ಸಿಕ್ಕಿಸಿಕೊಂಡು ಕುಕ್ಕರುಗಾಲಲ್ಲಿ ಕೂತು, ಎಡಗೈಯ ನಡುಬೆರಳನ್ನು ಹಿಂದಕ್ಕೆ ಬಾಗಿಸಿ, “ರುದ್ರನ ಹಸಿರು” ಎಂದು ಹೇಳಿದಳೆಂದರೆ ರುದ್ರ ಆಗಲೇ ಅಳಲು ಶುರುಮಾಡುತ್ತಿದ್ದ. ಬೆರಳಿನಿಂದ ಗೋಲಿ ಚಿಮ್ಮಿ ಹೋಗುವ ಮೊದಲು ಅವಳು ಉಸಿರು ಹಿಡಿಯುತ್ತಿದ್ದುದು ನನಗೆ ಇನ್ನೂ ಕಾಣುತ್ತದೆ.

ಕೊನೆಗೆ ನಾನೇ ಒಂದು ನಿಯಮ ಮಾಡಿದೆ. ಜಾಗ ಹೇಳಿ ಹೊಡೆಯಬಹುದು, ಆದರೆ ಬಿದ್ದ ಸಂಖ್ಯೆಯಲ್ಲಿ ಐದು ಕಳೆಯಬೇಕು. ಕಳೆದ ಮೇಲೂ ಹನ್ನೆರಡು ಮುಟ್ಟಿದರೆ, ಕಣ್ಣಿಗೆ ಅಂದರೆ ಕಣ್ಣು ಹೋಯಿತು, ಕಾಲಿಗೆ ಅಂದರೆ ಕುಂಟುತ್ತಾನೆ. ಬಹಳ ನ್ಯಾಯವಾಗಿ ಕಂಡಿತು. ಒಂದು ತಿಂಗಳೊಳಗೆ ನನ್ನ ರಾಕ್ಷಸ ಕುಲ ಸರ್ವನಾಶವಾಗುವ ಸ್ಥಿತಿಗೆ ಬಂತು. ಅಕ್ಕ ಕಂಡ ಕಂಡವರ ಎಡಗಣ್ಣು ಕೀಳುತ್ತಿದ್ದಳು, ಮಾದೇವ ಮೊಣಕಾಲು ಕಡಿಯುತ್ತಿದ್ದ. ಕುರುಡ ರಾಕ್ಷಸನಿಗೆ ಯಾರು ಎಲ್ಲಿದ್ದಾರೆಂದು ಗೊತ್ತಾಗುತ್ತದೆಯೇ, ಮೂಸಿ ಕಂಡುಹಿಡಿಯಬಹುದೇ, ಒಂದು ಕಣ್ಣು ಹೋದರೆ ಎಷ್ಟು ಕಳೆಯಬೇಕು, ಎರಡೂ ಹೋದರೆ ಎಷ್ಟು? ಒಂದೊಂದಕ್ಕೂ ಒಂದೊಂದು ಉಪನಿಯಮ ಮಾಡಿ, ಮುಂದಿನ ವಾರಕ್ಕೆ ಮರೆತು, ಅದಕ್ಕೆ ವಿರುದ್ಧವಾದ ಇನ್ನೊಂದು ಮಾಡುತ್ತಿದ್ದೆ. ಬಾವಲಿಯ ರೂಪದ ಒಬ್ಬ ರಾಕ್ಷಸನನ್ನು ತಂದೆ, ಅವನಿಗೆ ಕಣ್ಣೇ ಬೇಡ ಎಂಬ ಉಪಾಯದಿಂದ. ಅಕ್ಕ ಸ್ವಲ್ಪ ಯೋಚಿಸಿ, “ಕಿವಿಗೆ” ಅಂದಳು.

ಹಾಗಾದರೆ ರಾಕ್ಷಸನೂ ಜಾಗ ಹೇಳಿ ಹೊಡೆಯುತ್ತಾನೆ ಎಂದು ತಿದ್ದುಪಡಿ ತಂದೆ. ಕೈಗೆ ಏಟು ಬಿದ್ದವರು ತಮ್ಮ ದಾಳ ಹಾಕಿ, ಹಿಡಿದದ್ದು ಕೈಯಲ್ಲಿ ಉಳಿಯಿತೋ ಬಿತ್ತೋ ನೋಡಿಕೊಳ್ಳಬೇಕು. ಆಟಕ್ಕೆ ಜೀವ ಬಂತು. ಕೆಂಚನ ಹೆಬ್ಬೆರಳು ಹೋಯಿತು, ವೈದ್ಯೆಯ ಮೂಗು ಸೊಟ್ಟಗಾಯಿತು. ಸಿಂಗಾರಿಯ ಕಾಲಿಗೆ ಬಿದ್ದಾಗ ಅಕ್ಕ ನನ್ನನ್ನು ನಿಜವಾಗಿಯೂ ಬೈದಳು, ಪಕ್ಕದ ಮನೆಯವರು ಬಾಗಿಲಿಗೆ ಬಂದು ಏನಾಯಿತೆಂದು ಕೇಳಿದರು. ಅಷ್ಟು ಸಂತೋಷದ ಭಾನುವಾರಗಳು ನನ್ನ ಜೀವನದಲ್ಲಿ ಹೆಚ್ಚಿಲ್ಲ.

ಇದೆಲ್ಲದರ ನಡುವೆ ಅಕ್ಕನ ಕೈ ನಡುಗತೊಡಗಿತು. ಮೊದಲು ಬಲಗೈಯ ಹೆಬ್ಬೆರಳು ಮಾತ್ರ, ಕೂತಲ್ಲೇ ಏನನ್ನೋ ಹೊಸೆಯುತ್ತಿರುವ ಹಾಗೆ. ಬಿಸಿಲಿಗೆ ಅಂದಳು, ಸಕ್ಕರೆ ಕಡಿಮೆಯಾಗಿದೆ ಅಂದಳು. ಸೊಸೆ ಬಲವಂತ ಮಾಡಿ ಕರೆದುಕೊಂಡು ಹೋದಳು. ಡಾಕ್ಟರು ಅವಳನ್ನು ನಡೆಸಿ, ಬೆರಳು ತಟ್ಟಿಸಿ ನೋಡಿ, ಇದು ನರದ ಕಾಯಿಲೆ, ವಾಸಿಯಾಗುವುದಲ್ಲ, ನಿಧಾನವಾಗಿ ಹೆಚ್ಚುತ್ತದೆ, ಮಾತ್ರೆಯಲ್ಲಿ ಹಿಡಿದಿಡಬಹುದು ಅಂದರು. ಜೀವಮಾನವೆಲ್ಲ ಮಕ್ಕಳಿಗೆ ಥ್ರೋಬಾಲ್ ಎಸೆಯುವುದನ್ನು ಕಲಿಸಿದವಳು ಅದನ್ನು ಕೇಳಿಕೊಂಡು ಬಂದು, ಆ ಭಾನುವಾರವೂ ಬಸ್ಸು ಹಿಡಿದು ಆಟಕ್ಕೆ ಬಂದಳು. ವಿಷಯ ಹೇಳಿ, “ಸರಿ, ಎಲ್ಲಿಗೆ ನಿಲ್ಲಿಸಿದ್ವಿ?” ಅಂದಳು. ಎಲ್ಲಿಗೆ ನಿಲ್ಲಿಸಿದ್ದೆವೆಂದು ನನಗೆ ನೆನಪಾಗಲಿಲ್ಲ.

ಆಮೇಲಿನ ವಾರಗಳಲ್ಲಿ ಆಟ ಯಾಕೋ ಸಪ್ಪಗಾಯಿತು. ಅಕ್ಕ ಕೈಯನ್ನು ಸೆರಗಿನೊಳಗೆ ಮಡಿಲಲ್ಲಿ ಇಟ್ಟುಕೊಂಡು ಕೂರುತ್ತಿದ್ದಳು. ದಾಳ ಹಾಕುವ ಸರದಿ ಬಂದಾಗ, “ಗಿರಿಜಾ, ನಿನ್ನ ಕೈಗುಣ ಒಳ್ಳೇದು, ನೀನೇ ಹಾಕು” ಅನ್ನುತ್ತಿದ್ದಳು. ಗಿರಿಜೆ ಹಾಕುತ್ತಿದ್ದಳು. ಆದರೆ ಜಾಗ ಹೇಳುವುದನ್ನು ಮಾತ್ರ ಅಕ್ಕ ಬಿಡಲಿಲ್ಲ. ಐದು ಕಳೆದು ಕಳೆದು ಹತ್ತರಲ್ಲಿ ಎಂಟು ಬಾಣ ಗಾಳಿಗೆ ಹೋದರೂ ‘ಎಡಗಣ್ಣಿಗೆ’ ಎಂದೇ ಬಿಡುತ್ತಿದ್ದಳು.

ಅವಳು ಮನೆಗೆ ಹೊರಟ ಮೇಲೆ ಮಾದೇವ ಒಮ್ಮೆ ಬಾಗಿಲಲ್ಲಿ ನಿಂತು, “ಸಾರ್, ಅಕ್ಕಾರು ಸುಮ್ಕೆ ಮೈಗೆ ಹೊಡುದ್ರೆ ಇಷ್ಟೊತ್ತಿಗೆ ಆ ಸೇತ್ವೆ ದಾಟ್ತಿದ್ವಿ. ಯೋಳಿ ನೀವು” ಅಂದ.

“ನೀನೇ ಹೇಳು.”

“ನಾನೆಂಗೆ ಯೋಳ್ಲಿ? ಬುಡಿ ಸಾರ್, ಪಾಪ.”

ಆ ‘ಪಾಪ’ ನನಗೆ ಎಲ್ಲೋ ಚುಚ್ಚಿತು, ಎಲ್ಲಿಗೆಂದು ತಿಳಿಯಲಿಲ್ಲ. ಆಗ ನೆನಪಾಯಿತು, ಮಾದೇವ ಈಚೀಚೆಗೆ ಬೈಯುತ್ತಲೂ ಇರಲಿಲ್ಲ. “ಥೂ ನಿನ್ ಕೈ...” ಎಂದು ಶುರುಮಾಡಿ ಅಲ್ಲಿಗೇ ನುಂಗಿಕೊಂಡು, ನೀರು ಕುಡಿಯುತ್ತಿದ್ದ. ಪಾಪ, ಒಂದು ಆಟದ ಮಧ್ಯಾಹ್ನದಲ್ಲಿ ಎಷ್ಟು ನೀರು ಕುಡಿಯುತ್ತಿದ್ದನೋ.

ನಾನು ಏನು ಮಾಡುತ್ತಿದ್ದೆ ಎಂಬುದು ಮಾತ್ರ ನನಗೆ ಕಂಡಿರಲಿಲ್ಲ. ಬೇರೆಯವರ ತಯಾರಿಕೆಗೆ ಸುತ್ತು ಹಾಕುವವನಿಗೆ ತನ್ನದು ಕಾಣುವುದಿಲ್ಲ ಎಂದು ಹೇಳಿ ಸುಮ್ಮನಾಗಬಹುದು. ಆದರೆ ನಿಜವಾಗಿಯೂ ನಾನು ಬೇಕೆಂದು ಮಾಡಿದ್ದಲ್ಲ. ರಾಕ್ಷಸನ ಸರದಿ ಬಂದಾಗ ಯಾರಿಗೆ ಹೊಡೆಯಲಿ ಎಂದು ಮೇಜು ನೋಡುತ್ತಿದ್ದೆ, ಮಾದೇವ ಕಾಣುತ್ತಿದ್ದ. ಅಥವಾ ಗಿರಿಜೆ ಕಾಣುತ್ತಿದ್ದಳು. ಅಷ್ಟೇ.

ಮುಂದಿನ ಭಾನುವಾರವೂ ಸೇತುವೆಯ ಕಾಳಗ ಇನ್ನೂ ನಡೆದಿತ್ತು. ಸೇತುವೆಯೆಂದರೆ ಗಿರಿಜೆಯ ರೊಟ್ಟಿ ಹಲಗೆ. ಅದರ ಮೇಲೆ ಶೆಟ್ಟಿ, ಅವನ ಮೂಗಿನ ತುದಿಗೆ ಸಿಂಗಾರಿ. ಮಾದೇವನ ಸಿಪಾಯಿ ಹಿಂದೆ ದೂರದಲ್ಲಿ, ಉಪ್ಪಿನಕಾಯಿ ಭರಣಿಯ ಹತ್ತಿರ. ನಾನು ಶೆಟ್ಟಿಯನ್ನು ಎತ್ತಿಕೊಂಡು ಸಿಂಗಾರಿಯ ಸುತ್ತ ಹಾಯಿಸಿ, ಹಲಗೆ ಇಳಿಸಿ, ಭರಣಿಯ ಹತ್ತಿರಕ್ಕೆ ನಡೆಸಿಕೊಂಡು ಹೊರಟಿದ್ದೆ. ಅಕ್ಕ ಎಡಗೈ ಚಾಚಿ ಶೆಟ್ಟಿಯ ತಲೆಯನ್ನು ಒತ್ತಿಹಿಡಿದಳು.

“ನಿಲ್ಸು. ಇವನ ಎದುರಿಗೆ ನಿಂತಿರೋಳು ನಾನು. ಕಣ್ಣಿಗೆ ಬಾಣ ಬಿಡ್ತಿರೋಳೂ ನಾನು. ನನ್ನ ಬಳಸ್ಕೊಂಡು ಹೋಗಿ ಮಾದೇವಂಗೆ ಯಾಕೆ ಹೊಡೀತಾನೆ ಇವನು?”

“ಅದು... ಮಾದೇವನ ಕೊಡಲಿ ದೊಡ್ಡದಲ್ವಾ ಅಕ್ಕ, ಅವನನ್ನ ಮೊದಲು ಮುಗಿಸಬೇಕು ಅಂತ.”

“ಹೋದ್ವಾರ?”

“ಹೋದ್ವಾರ ಕತ್ತಲಿತ್ತು. ನೀನು ಕಾಣ್ತಿರ್ಲಿಲ್ಲ.”

“ಅದರ ಹಿಂದಿನ ವಾರ ಹಗಲು. ಅವತ್ತು ಗಿರಿಜಂಗೆ ಹೊಡೆದ. ಗಿರಿಜ ಮರದ ಮೇಲಿದ್ಲು.”

ನಾನು ಗಿರಿಜೆಯನ್ನು ನೋಡಿದೆ. ಅವಳು ಸಹಾಯಕ್ಕೆ ಬರಲಿಲ್ಲ. ಅಕ್ಕ ಶೆಟ್ಟಿಯ ತಲೆ ಬಿಡಲಿಲ್ಲ, ದನಿಯನ್ನೂ ಏರಿಸಲಿಲ್ಲ.

“ಮನೇಲಿ ಸೊಸೆ ಅರ್ಧ ಲೋಟ ಕಾಫಿ ಕೊಡ್ತಾಳೆ, ಚೆಲ್ಲೀತು ಅಂತ. ಒಳ್ಳೇ ಮನಸ್ಸಿಂದ್ಲೇ ಕೊಡ್ತಾಳೆ, ನಂಗೊತ್ತು. ಮಗ ನನ್ ಹತ್ರ ಜಗಳ ಆಡೋದನ್ನೇ ನಿಲ್ಲಿಸ್ಬುಟ್ಟ. ನಾನು ತಪ್ಪು ಮಾತಾಡಿದ್ರೂ ಆಯ್ತಮ್ಮ ಅಂತಾನೆ. ಈ ಮಾದೇವ ಕೈ ಸೇದೋಗ ಅನ್ನೋದನ್ನ ಅರ್ಧಕ್ಕೇ ನುಂಗ್ತಾನೆ, ನನಗೇನ್ ಕಿವುಡಾ? ಎರಡು ಬಸ್ ಬದಲಾಯ್ಸಿ ಇಲ್ಲಿಗೆ ಬರೋದು ಯಾಕೆ ಗೊತ್ತೇನೋ, ಇಲ್ಲಾದ್ರೂ ಯಾರಾದ್ರೂ ನನಗೆ ಹೊಡೀತಾರೆ ಅಂತ. ನೀನೂ ನನ್ನ ಆಟಕ್ಕುಂಟು ಲೆಕ್ಕಕ್ಕಿಲ್ಲ ಮಾಡ್ಬುಟ್ಟೆ. ಇಂಗೇ ಆದ್ರೆ ಮುಂದಿನ ವಾರದಿಂದ ನಾನು ಬರಲ್ಲ ಕಣೋ. ಮನೇಲೇ ಕೂತ್ಕೋತೀನಿ.”

ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂಬುದನ್ನು ನಾವೆಲ್ಲ ಈಗ ಎಷ್ಟು ಹಗುರವಾಗಿ ಬಳಸುತ್ತೇವೆ. ಬೀದಿಯಲ್ಲಿ ಅದನ್ನು ಅನುಭವಿಸಿದವರಿಗೆ ಗೊತ್ತು ಅದರ ಭಾರ. ಆಟಕ್ಕೆ ಸೇರಿಸಿಕೊಳ್ಳದಿದ್ದರೆ ಅತ್ತು ರಂಪ ಮಾಡುವ ಚಿಕ್ಕವರನ್ನು ಹಾಗೆ ಸೇರಿಸಿಕೊಳ್ಳುತ್ತಿದ್ದರು. ನಾವೂ ಓಡಬಹುದು, ಹೊಡೆಯಬಹುದು, ಕಿರುಚಬಹುದು. ಆದರೆ ಯಾರೂ ನಮ್ಮನ್ನು ಮುಟ್ಟುವುದಿಲ್ಲ, ನಾವು ಔಟಾಗುವುದೇ ಇಲ್ಲ. ನಮ್ಮ ಗೋಲಿಯ ಹೆಸರನ್ನು ಯಾರೂ ಹೇಳುವುದಿಲ್ಲ. ಮೊದಲ ಎರಡು ದಿನ ಸೋಲೇ ಇಲ್ಲವೆಂದು ಹಿಗ್ಗುತ್ತೇವೆ, ಮೂರನೆಯ ದಿನ ವಿಷಯ ಅರ್ಥವಾಗುತ್ತದೆ. ನನ್ನನ್ನು ಆ ಪಟ್ಟದಿಂದ ಇಳಿಸಿದವಳು ಅಕ್ಕನೇ. ಒಂದು ಸಂಜೆ ಎಲ್ಲರೆದುರು ನನ್ನ ಒಂದೇ ಒಂದು ನೀಲಿ ಗೋಲಿಯನ್ನು ಹೆಸರು ಹೇಳಿ ಹೊಡೆದು, ಗೆದ್ದು, ಜೇಬಿಗೆ ಹಾಕಿಕೊಂಡುಬಿಟ್ಟಳು. ನಾನು ಬೀದಿಯುದ್ದಕ್ಕೂ ಅಳುತ್ತ ಮನೆಗೆ ಹೋದೆ. ಅಮ್ಮ ಅವಳಿಗೆ ಬೈದರು, ಚಿಕ್ಕವನ ಗೋಲಿ ಕಸಿದೆಯಾ ಎಂದು. ಆದರೆ ಮಾರನೆಯ ದಿನದಿಂದ ಬೀದಿಯ ಹುಡುಗರೆಲ್ಲ ನನಗೂ ಗುರಿಯಿಡಲು ಶುರುಮಾಡಿದರು.

ಶೆಟ್ಟಿಯನ್ನು ವಾಪಸು ಸೇತುವೆಯ ಮೇಲೆ, ಸಿಂಗಾರಿಯ ಎದುರಿಗೆ ತಂದು ನಿಲ್ಲಿಸಿದೆ. ಅಲ್ಲಿಯ ತನಕ ಸುಲಭ. ಆಮೇಲೆ ನನಗೆ ನಿಜವಾದ ಗೊಂದಲ ಹತ್ತಿತು. ಎಲ್ಲಿಗೆ ಅನ್ನಲಿ? ಕಾಲಿಗೆ ಅಂದರೆ ತಪ್ಪಿಸಿಕೊಂಡ ಹಾಗೆ. ಮೈಗೆ ಅಂದರೆ ಇನ್ನೂ ಕೇಡು. ಬುದ್ಧಿಯಿರುವ ಯಾವ ರಾಕ್ಷಸನೂ ಬಿಲ್ಲುಗಾರ್ತಿಯ ಬಲಗೈ ಬಿಟ್ಟು ಬೇರೆ ಕಡೆ ಹೊಡೆಯುವುದಿಲ್ಲ. ಅದು ನನಗೂ ಗೊತ್ತು, ಅಕ್ಕನಿಗೂ ಗೊತ್ತು. ಬೇರೆ ಯಾವ ಜಾಗ ಹೇಳಿದರೂ ಅವಳು ಎದ್ದು ಹೋಗುತ್ತಾಳೆ. ಬಲಗೈ ಅಂದರೆ ನನ್ನ ನಾಲಿಗೆಯೇ ಬಿದ್ದುಹೋದೀತು. ಇದಕ್ಕೆ ಆ ದಪ್ಪ ಪುಸ್ತಕದಲ್ಲಿ ಒಂದು ಸಾಲೂ ಇಲ್ಲವಲ್ಲ ಎಂದು ಸಿಟ್ಟು ಬಂತು. ಪುಣೆಗೆ ಹೋದ ಆ ಟ್ರೈನಿಯ ಮೇಲೂ ಸಿಟ್ಟು ಬಂತು.

“ಬಲಗೈಗೆ,” ಅಂದೆ.

ಮಾದೇವ ನೀರಿನ ಲೋಟ ಕೆಳಗಿಟ್ಟ. ನಾನು ದಾಳ ಹಾಕಿದೆ. ಬೀಳದಿರಲಿ ಎಂದು ಬೇಡಿಕೊಂಡು ಹಾಕಿದರೆ ಬೀಳುತ್ತದೆ, ಇದು ದಾಳದ ಹುಟ್ಟುಗುಣ. ಹದಿನೆಂಟು. ಐದು ಕಳೆದರೆ ಹದಿಮೂರು.

“ತಗುಲಿತು ಅಕ್ಕ. ಬಿಲ್ಲು ಉಳಿಯುತ್ತೋ ಇಲ್ವೋ ನೋಡಬೇಕು. ದಾಳ ಹಾಕು.”

ಅಭ್ಯಾಸದ ಮೇಲೆ ಗಿರಿಜೆಯ ಕೈ ದಾಳದ ಕಡೆ ಹೋಯಿತು. ಅಕ್ಕ, “ಬೇಡ ಗಿರಿಜಾ” ಅಂದಳು. ಸೆರಗಿನಿಂದ ಬಲಗೈ ತೆಗೆದಳು. ಅಷ್ಟು ದಿನದಲ್ಲಿ ನಾವು ಅದನ್ನು ಸರಿಯಾಗಿ ನೋಡಿದ್ದೇ ಇಲ್ಲ, ಅವಳು ನೋಡಗೊಡುತ್ತಿರಲಿಲ್ಲ, ನಾವೂ ನೋಡಲು ಹೋಗುತ್ತಿರಲಿಲ್ಲ. ನಾನು ಅಂದುಕೊಂಡದ್ದಕ್ಕಿಂತ ಹೆಚ್ಚು ನಡುಗುತ್ತಿತ್ತು. ದಾಳ ಎರಡು ಸಲ ಬೆರಳಿನಿಂದ ಜಾರಿತು, ಮೂರನೆಯ ಸಲ ಸಿಕ್ಕಿತು. ನನಗೆ ಎದ್ದು ಹೋಗಿ ಆ ಕೈಯನ್ನು ಹಿಡಿದುಕೊಳ್ಳಬೇಕು ಅನ್ನಿಸಿತು. ಕೂತಿದ್ದೆ. ಅವಳು ಉರುಳಿಸಿದಳು.

ನಾಲ್ಕು.

“ಬಿಲ್ಲು ಬಿತ್ತು,” ಅಂದೆ. “ಸೇತುವೆಯಿಂದ ಕೆಳಗೆ. ನೀರಿಗೆ.”

“ನೀರಿಗೇನಾ?”

“ನೀರಿಗೇ.”

ಅಕ್ಕ ಹಲಗೆಯ ಅಂಚಿಗೆ ಬಗ್ಗಿ ಕೆಳಗೆ ನೋಡಿದಳು. ಮಾದೇವ ತನ್ನ ಸರದಿಯಲ್ಲಿ ಸಿಪಾಯಿಯನ್ನು ಓಡಿಸಿ ತಂದು ಹಲಗೆ ಹತ್ತಿಸಿದ. ಗಿರಿಜೆ ಮದ್ದು ಹಾಕಲು ಹೊರಟಳು, ಅಕ್ಕ ಅವಳನ್ನು ತಡೆದಳು.

“ಇರು, ನನ್ ಸರದಿ. ಕಾಲಿದೆಯಲ್ಲ, ಒದೀತೀನಿ. ಇವನ ಮೊಣಕಾಲಿಗೆ.”

“ಒದೆಯೋದಕ್ಕೆ ನಿಯಮ ಇಲ್ಲ ಅ—”

“ಮಾಡ್ಕೋ.”

ಮಾಡಿಕೊಂಡೆ. ಅವಳು ಮತ್ತೆ ತಾನೇ ದಾಳ ತೆಗೆದುಕೊಂಡಳು. ಈ ಸಲ ಅದು ಕೈಯಿಂದ ಚಿಮ್ಮಿ ಮೇಜಿನ ಆಚೆ ಬಿದ್ದು, ಸೋಫಾದ ಅಡಿಗೆ ಹೋಯಿತು. ಮಾದೇವ ನೆಲದ ಮೇಲೆ ಬೋರಲಾಗಿ ಮಲಗಿ, ಮುಟ್ಟದೆ ನೋಡಿ, ಅಲ್ಲಿಂದಲೇ ಹೇಳಿದ.

“ಎರಡು ಕಣಕ್ಕ.”

ಎರಡೆಂದರೆ ಗಾಳಿಗೆ ಒದೆ. ಅಕ್ಕ ಸಣ್ಣಗೆ ಹಲ್ಲು ಕಚ್ಚಿದಳು. ಕೈಯನ್ನು ಮಡಿಲಿಗೆ ಎಳೆದುಕೊಳ್ಳಲಿಲ್ಲ, ಮೇಜಿನ ಮೇಲೆಯೇ ಬಿಟ್ಟಿದ್ದಳು, ಅದು ತನ್ನ ಪಾಡಿಗೆ ನಡುಗುತ್ತಿತ್ತು. ಅವಳು ನನ್ನ ಮುಖ ನೋಡಿ, “ಹೂಂ, ಈಗ ನಿನ್ನ ಸರದಿ” ಅಂದಳು.

ಬಿಲ್ಲಿಲ್ಲದ, ಎಡಗೈಯೊಂದೇ ಉಳಿದ ಸಿಂಗಾರಿ ಒಂದು ಹೆಜ್ಜೆಯೂ ಹಿಂದೆ ಸರಿಯದೆ ನಿಂತಿದ್ದಳು. ಪಕ್ಕದಲ್ಲೇ ಕೊಡಲಿ ಎತ್ತಿ ಮಾದೇವನ ಸಿಪಾಯಿ, ಅವನಿಗೆ ಹೊಡೆಯಲು ನನಗೆ ಬೇಕಾದಷ್ಟು ಕಾರಣಗಳು ಸಿಗುತ್ತಿದ್ದವು.

“ಸಿಂಗಾರಿಗೆ,” ಅಂದೆ. “ಎಡ ಭುಜಕ್ಕೆ.”